ಚಾಕೊಲೇಟ್ ಕೋನ್‌ನಲ್ಲಿ ಸಕ್ಕರೆ ಎಷ್ಟು?

ಪ್ರಶ್ನೆ: ಅಪ್ಪನಿಗೆ ಶುಗರ್ ಇದೆ. ಆದರೂ ರಾತ್ರಿ ಊಟ ಆದಮೇಲೆ ಚಾಕೊಲೇಟ್ ಐಸ್‌ಕ್ರೀಮ್ ಕೋನ್ ಬೇಕು. "ಮೇಲೆ ಕಡಲೆಬೀಜ ಇದೆಯಲ್ಲ, ಪ್ರೋಟೀನು" ಅಂತಾರೆ! ಕವರ್ ಮೇಲೆ 100 ಗ್ರಾಂಗೆ ಸಕ್ಕರೆ 24 ಗ್ರಾಂ ಅಂತಿದೆ. ಕೋನ್ ತೂಕ 70 ಗ್ರಾಂ.

ಉತ್ತರ 1: ಹಾಗಾದರೆ ಒಂದಕ್ಕೆ ಸುಮಾರು 17 ಗ್ರಾಂ. ನಾಲ್ಕು ಟೀ ಚಮಚ ಸಕ್ಕರೆ! ಕೋನ್ ಮೈದಾದ್ದು, ಅದೂ ಶುಗರ್ ಏರಿಸುತ್ತದೆ. ಒಟ್ಟು ಕಾರ್ಬೋಹೈಡ್ರೇಟ್ ನೋಡಿ.

ಉತ್ತರ 2: ಐದು ಗ್ರಾಂ ಕಡಲೆಬೀಜದಲ್ಲಿ ಪ್ರೋಟೀನ್ ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕವರ್ ಮೇಲೆ ಐಸ್‌ಕ್ರೀಮ್ ಅನ್ನೋ ಬದಲು 'ಫ್ರೋಜನ್ ಡೆಸರ್ಟ್' ಅಂತ ಬರೆದಿದ್ದರೆ ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಹಾಕಿರುತ್ತಾರೆ.

ಕೇಳಿದವಳು: ಓದಿ ಹೇಳಿದೆ. "ಸರಿ, ಅರ್ಧ ನೀನು ತಿನ್ನು, ತುದಿಯ ಚಾಕೊಲೇಟ್ ಮಾತ್ರ ನನಗೆ ಬಿಡು" ಅಂದರು.