ಮಾರುತಿ 800ಕ್ಕೆ ಬೈಕ್ ಕಾರ್ಬರೇಟರ್ ಹಾಕಬಹುದಾ?

ತೀರ್ಥಹಳ್ಳಿಯಿಂದ ಪ್ರಶ್ನೆ

ನಮ್ಮದು ಹಳೇ ಮಾರುತಿ 800, ಕಾರ್ಬರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಇರುವ ಮಾಡೆಲ್. ಅದರ ಥ್ರಾಟಲ್ ಸ್ಪಿಂಡಲ್ (ಗಾಳಿಯ ಬಾಗಿಲನ್ನು ತಿರುಗಿಸುವ ಕಂಬಿ) ಸವೆದು ಪಕ್ಕದಿಂದ ಗಾಳಿ ಎಳೆಯುತ್ತಿದೆ, ಐಡ್ಲಿಂಗ್ ನಿಲ್ಲುವುದಿಲ್ಲ. ಮೂರು ಸಿಲಿಂಡರಿಗೆ ಮೂರು ಬೈಕ್ ಕಾರ್ಬು ಹಾಕಿಸು, ಪಿಕಪ್ಪೂ ಬರುತ್ತೆ ಅಂತ ಗೆಳೆಯರು ಹೇಳುತ್ತಿದ್ದಾರೆ. ದಿನಾ ತೋಟಕ್ಕೆ ಹೋಗುವ ಗಾಡಿ, ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿ ಕಡೆಗೂ ಹೋಗುತ್ತೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಶಿವಮೊಗ್ಗ, ಗ್ಯಾರೇಜ್ ಇಟ್ಟವರು

ಆಗುತ್ತೆ ಮಾರಾಯ್ರೆ. ಆದರೆ ನಿಮ್ಮ ಓಡಾಟಕ್ಕೆ ಬೇಡ.

796 ಸಿಸಿಯನ್ನು ಮೂರು ಪಾಲು ಮಾಡಿದರೆ ಸಿಲಿಂಡರಿಗೆ ಸುಮಾರು 265 ಸಿಸಿ. ಪಲ್ಸರ್ 220ರ ಕಾರ್ಬು ಹತ್ತಿರ ಬರುತ್ತೆ. ಮೂರೂ ಒಂದೇ ಮಾಡೆಲಿನದಾಗಿರಬೇಕು, ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ನಂಬರ್ ಕೂಡ ಒಂದೇ ಇರಬೇಕು. ಗುಜರಿಯಲ್ಲಿ ಸಿಕ್ಕಿದ್ದನ್ನು ಸೇರಿಸಿ ಕೂರಿಸಿದರೆ ಟ್ಯೂನಿಂಗ್ ಮುಗಿಯುವುದೇ ಇಲ್ಲ. ಕಾರ್ಬನ್ನು ಇಂಜಿನ್ನಿಗೆ ಜೋಡಿಸುವ ಪೈಪು, ಅಂದರೆ ಮ್ಯಾನಿಫೋಲ್ಡ್ ಮಾಡಿಸುವುದಕ್ಕೆ ಎಲ್ಲರೂ ಹೆದರುತ್ತಾರೆ, ನಿಜಕ್ಕೂ ಅದೇ ಸುಲಭ. ಫ್ಲ್ಯಾಂಜ್ ಕತ್ತರಿಸಿ, ಪೈಪ್ ಇಟ್ಟು ಆರ್ಗಾನ್ ವೆಲ್ಡಿಂಗ್ ಮಾಡಿಸಿ, ಮುಖ ಸಮ ಮಾಡಿಸಿದರೆ ಆಯ್ತು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ವಿಚಾರಿಸಿ.

ತಲೆನೋವು ಇರುವುದು ಪೆಟ್ರೋಲ್ ಒತ್ತಡದಲ್ಲಿ. ಬೈಕಿನ ಟ್ಯಾಂಕ್ ಮೇಲಿರುತ್ತೆ, ಪೆಟ್ರೋಲ್ ತಾನಾಗೇ ಇಳಿಯುತ್ತೆ. ಕಾರಿನಲ್ಲಿ ಪಂಪ್ ತಳ್ಳುತ್ತೆ. ಆ ಒತ್ತಡವನ್ನು ಬೈಕ್ ಕಾರ್ಬಿನ ಫ್ಲೋಟ್ ಸೂಜಿ (ಪೆಟ್ರೋಲ್ ತುಂಬಿದಾಗ ದಾರಿ ಮುಚ್ಚುವ ಸೂಜಿ) ತಡೆಯುವುದಿಲ್ಲ, ಓವರ್‌ಫ್ಲೋ ಆಗುತ್ತೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಗಾಡಿಯೇ ಹೊತ್ತಿಕೊಳ್ಳಬಹುದು. ಒತ್ತಡ ತಗ್ಗಿಸುವ ರೆಗ್ಯುಲೇಟರ್ ಹಾಕಿ 2ರಿಂದ 3 ಪಿಎಸ್‌ಐಗೆ ಇಳಿಸಲೇಬೇಕು. ಟ್ಯಾಂಕಿಗೆ ವಾಪಸ್ ಹೋಗುವ ಪೈಪನ್ನು ಯಾರಾದರೂ ಮುಚ್ಚೋಣ ಅಂದರೆ ಬಿಡಬೇಡಿ.

ಆಮೇಲೆ ವ್ಯಾಕ್ಯೂಮ್, ಅಂದರೆ ಇಂಜಿನ್ ಗಾಳಿ ಹೀರುವ ಎಳೆತ. ಈಗ ಮೂರೂ ಸಿಲಿಂಡರ್ ಒಂದೇ ಮ್ಯಾನಿಫೋಲ್ಡಿನಿಂದ ಎಳೆಯುತ್ತವೆ. ಒಂದೊಂದಕ್ಕೆ ಒಂದೊಂದು ಕಾರ್ಬು ಕೊಟ್ಟರೆ ಎಳೆತ ತುಂಡು ತುಂಡಾಗುತ್ತೆ. ಒಂದೇ ಪೈಪಿನಿಂದ ಬ್ರೇಕ್ ಬೂಸ್ಟರಿಗೆ (ಆ ಎಳೆತದಿಂದ ಬ್ರೇಕ್ ಹಗುರ ಮಾಡುವ ಭಾಗ, ನಿಮ್ಮ ಗಾಡಿಯಲ್ಲಿ ಇದ್ದರೆ) ಕೊಟ್ಟರೆ ಘಾಟಿ ಇಳಿಯುವಾಗ ಮೇಲಿಂದ ಮೇಲೆ ಬ್ರೇಕ್ ಒತ್ತಿದ ಮೇಲೆ ಪೆಡಲ್ ಗಟ್ಟಿಯಾಗಬಹುದು. ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ ಇದನ್ನು ಪರೀಕ್ಷೆ ಮಾಡುವುದು ಬೇಡ, ಅಲ್ವಾ? ಮೂರೂ ಪೈಪಿನಿಂದ ಸಣ್ಣ ಲೈನ್ ತೆಗೆದು ಒಂದು ಕಡೆ ಸೇರಿಸಿ, ಬೂಸ್ಟರ್ ಮುಂದೆ ಒನ್‌ವೇ ವಾಲ್ವ್ ಹಾಕಬೇಕು. ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಅಡ್ವಾನ್ಸನ್ನು (ಎಳೆತ ನೋಡಿ ಕಿಡಿಯ ಸಮಯ ಹೊಂದಿಸುವ ಭಾಗ) ಜೋಡಿಸದೆ ಬಿಟ್ಟರೆ ಮೈಲೇಜ್ ಬೀಳುತ್ತೆ.

ಸಾಗರ, ರ‍್ಯಾಲಿ ಹುಚ್ಚು ಇರುವವರು

ಅಣ್ಣ ಹೇಳಿದ್ದು ಸರಿ. ಇನ್ನೊಂದು ಇದೆ. ಬೈಕ್ ತಿರುವಿನಲ್ಲಿ ವಾಲುತ್ತೆ, ಹಾಗಾಗಿ ಫ್ಲೋಟ್ ಬೌಲಿನ (ಕಾರ್ಬಿನ ಕೆಳಗಿನ ಬಟ್ಟಲಿನ) ಪೆಟ್ರೋಲ್ ತಳಕ್ಕೇ ಕೂತಿರುತ್ತೆ. ಕಾರು ಹಾಗೆ ವಾಲುವುದಿಲ್ಲ, ಪೆಟ್ರೋಲ್ ಪಕ್ಕಕ್ಕೆ ಜರಗುತ್ತೆ. ಜೋರಾಗಿ ತಿರುಗಿಸಿದರೆ ಮಿಸ್ಸಿಂಗ್ ಬರುತ್ತೆ, ಇಂಜಿನ್ ತಡೆತಡೆದು ಓಡುತ್ತೆ. ನಿಧಾನ ಹೋಗುವವರಿಗೆ ಗೊತ್ತಾಗಲಿಕ್ಕಿಲ್ಲ.

ಚಂದ ಕಾಣುತ್ತೆ ಅಂತ ಕೋನ್ ಫಿಲ್ಟರ್ ಹಾಕಬೇಡಿ. ಈ ಕಾರ್ಬುಗಳಲ್ಲಿ ಸ್ಲೈಡ್ (ಮೇಲೆ ಕೆಳಗೆ ಜಾರುವ ಬಾಗಿಲು) ಏಳುವುದು ಗಾಳಿಯ ಒತ್ತಡದ ವ್ಯತ್ಯಾಸದಿಂದ. ಮೂರಕ್ಕೂ ಸೇರಿ ಒಂದು ಗಾಳಿ ಡಬ್ಬಿ, ಅಂದರೆ ಏರ್‌ಬಾಕ್ಸ್ ಇದ್ದರೇ ನೆಟ್ಟಗೆ ಕೆಲಸ ಮಾಡುತ್ತವೆ. ಮಳೆಗಾಲದಲ್ಲಿ ನೀರು ಎರಚುವುದೂ ತಪ್ಪುತ್ತೆ. ವ್ಯಾಕ್ಯೂಮ್ ಗೇಜ್ ಇಟ್ಟು ಮೂರನ್ನೂ ಸಮ ಮಾಡಿಸಿ, ಕಿವಿಯಿಂದ ಕೇಳಿ ಮಾಡುವ ಕೆಲಸ ಅಲ್ಲ. ಸರಿಯಾಗಿ ಕೂತರೆ ಮಜಾ ಇದೆ, ಕಾಲಿಟ್ಟ ತಕ್ಷಣ ಇಂಜಿನ್ ಏಳುತ್ತೆ. ಅದಕ್ಕೇ ಜನ ಇಷ್ಟು ಕಷ್ಟಪಡುವುದು.

ಕೊಪ್ಪದಿಂದ

ನಮ್ಮ ಕಡೆಯ ಥಂಡಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಪೆಟ್ರೋಲ್ ಆವಿಯಾಗುವಾಗ ಕಾರ್ಬಿನ ಗಂಟಲು ತಣ್ಣಗಾಗುತ್ತೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಒಳಗೆ ಮಂಜುಗಡ್ಡೆ ಕಟ್ಟಬಹುದು. ಕಾರಿನ ಮೂಲ ಮ್ಯಾನಿಫೋಲ್ಡಿಗೆ ಇಂಜಿನ್ನಿನ ಬಿಸಿ ನೀರು ಹರಿಯುತ್ತೆ, ಮನೆಯಲ್ಲಿ ಮಾಡಿದ ಪೈಪಿಗೆ ಆ ಬಿಸಿ ಎಲ್ಲಿಂದ?

ಪೆಟ್ರೋಲ್ ಕೂಡ ಈಗ 20% ಎಥನಾಲ್ ಬೆರೆಸಿದ್ದು. ಅದಕ್ಕೆ ಹಳೇ ಜೆಟ್ ಸ್ವಲ್ಪ ಸಾಲದು. ಹಳೇ ರಬ್ಬರ್ ಪೈಪೂ ಮೆತ್ತಗಾಗುತ್ತೆ.

ಹೊಸನಗರದಿಂದ

ಕಾಗದಪತ್ರ ಮರೆಯಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿ ಬದಲಾಯಿಸುವುದರ ಬಗ್ಗೆಯೇ ಇದೆ. ತಯಾರಕರು ಕೊಟ್ಟ ವಿವರದಿಂದ ಬೇರೆಯಾದರೆ ತಕರಾರು. ನಾಳೆ ಏನಾದರೂ ಆದರೆ ಇನ್ಶೂರೆನ್ಸ್‌ನವರು ಮೊದಲು ಬಾನೆಟ್ ಎತ್ತಿ ನೋಡುತ್ತಾರೆ.

ತೀರ್ಥಹಳ್ಳಿಯವರು

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಹಳೇ ಕಾರ್ಬನ್ನೇ ರಿಪೇರಿ ಮಾಡಿಸಬಹುದಾ? ಬಿಸಾಡಿ ಹೊಸದು ತನ್ನಿ ಅಂತ ಒಬ್ಬರು ಮೆಕ್ಯಾನಿಕ್ ಹೇಳಿದ್ದಾರೆ.

ಶಿವಮೊಗ್ಗ ಗ್ಯಾರೇಜಿನವರು

ಬಿಸಾಡಬೇಡಿ. ಸ್ಪಿಂಡಲ್ ತೂತು ದೊಡ್ಡದು ಮಾಡಿ ಹಿತ್ತಾಳೆ ಬುಷ್ (ಕೊಳವೆಯಂಥ ಉಂಗುರ) ಕೂರಿಸಿದರೆ ಗಾಳಿ ನಿಲ್ಲುತ್ತೆ, ಲೇತ್‌ನವರು ಮಾಡಿಕೊಡುತ್ತಾರೆ. ಆ ಕಾರ್ಬಿನಲ್ಲಿ ಎರಡು ಗಂಟಲಿದೆ. ಸಾಧಾರಣ ಓಟಕ್ಕೆ ಒಂದೇ ತೆರೆಯುತ್ತೆ, ಜೋರು ಬೇಕಾದಾಗ ಎರಡನೆಯದು. ನಿಮ್ಮ ತೋಟದ ಓಡಾಟಕ್ಕೆ ಅದು ಸಾಕು. ಬಿಚ್ಚುವ ಮೊದಲು ಸಣ್ಣ ಪೈಪುಗಳ ಫೋಟೋ ತೆಗೆದಿಟ್ಟುಕೊಳ್ಳಿ, ಥ್ರಾಟಲ್ ಪ್ಲೇಟಿನ ಸ್ಕ್ರೂ ಹೊಸದೇ ಹಾಕಿಸಿ. ಹಳೇದು ಸಡಿಲಾಗಿ ಬಿದ್ದರೆ ನೇರ ಇಂಜಿನ್ ಒಳಗೆ.