ಟೋಟಲ್ ಲಾಸ್ ಗಾಡಿ ಎಡಕ್ಕ ಎಳಿಲತ್ತದ, ಅಲೈನ್‌ಮೆಂಟ್ ಮಾಡ್ಸಿದ್ರೂ ಹೋಗವಲ್ದು

ಜೇವರ್ಗಿ_ಕ್ರಾಸ್: ಗೊತ್ತಿದ್ದೋರು ಹೇಳ್ರಿ, ತಲಿ ಕೆಟ್ಟುಹೋಗ್ಯಾದ. ಸೋಲಾಪುರ ಕಡಿಂದ ಹಳಿ ಗಾಡಿ ತಗೊಂಡೀನಿ, ಆ್ಯಕ್ಸಿಡೆಂಟ್ ಆಗಿ ಇನ್ಶೂರೆನ್ಸ್‌ನೋರು ಟೋಟಲ್ ಲಾಸ್ ಮಾಡಿದ್ದು, ರಿಪೇರಿ ಮಾಡ್ಸಿ ಮಾರ್ಯಾರ, ರೇಟ್ ಕಮ್ಮಿ ಇತ್ತು. ಈಗ ಹುಮನಾಬಾದ್ ರೋಡಿನ್ಯಾಗ 80 ದಾಟಿದ್ರ ಸ್ಟೇರಿಂಗ್ ಎಡಕ್ಕ ಹೋಗ್ತದ, ಎಡಗಡಿ ಮುಂದಿನ ಟೈರ್ ಒಳಗಿನ ಸೈಡ್ ತಿಂದ್ಹೋಗ್ಲತ್ತದ. ಅಲೈನ್‌ಮೆಂಟ್ ಮಾಡ್ಸೀನಿ, ಅದೇ ಕಥಿ.

ಬೀದರ್_ಡೀಸೆಲ್: ಟೈರ್ ಪ್ರಾಬ್ಲಂ ಅದು. ಎಡ ಬಲ ಅದಲ್ ಬದಲ್ ಮಾಡಿ ಓಡ್ಸ್ರಿ.

ತೊಗರಿ_ಕಣಜ: ಯಾವ ಗಾಡಿ, ಯಾವ ಮಾಡೆಲ್, ಎಲ್ಲಿ ಹೊಡ್ತ ಬಿದ್ದಿತ್ತು? ಏನೂ ಹೇಳಲಾರ್ದ ಹ್ಯಾಂಗ್ ಹೇಳ್ಬೇಕ್ರಿ?

ಜೇವರ್ಗಿ_ಕ್ರಾಸ್: 2017 ಡೀಸೆಲ್ ಹ್ಯಾಚ್‌ಬ್ಯಾಕ್. ಮುಂದ ಎಡಗಡಿ ಹೊಡದಿತ್ತು. ಟೈರ್ ಬದಲಿ ಮಾಡಿ ನೋಡೀನಿ ಅಣ್ಣಾ, ಎಳಿಯೋದು ಎಡಕ್ಕೇ.

ಬೀದರ್_ಡೀಸೆಲ್: ಹಂಗಿದ್ರ ಟೈರ್ ಕಂಪನಿ ಬದಲಿ ಮಾಡ್ರಿ. ನನ್ನ ಬೊಲೆರೋಕ್ಕ ದಪ್ಪ ಟೈರ್ ಹಾಕ್ಸೀನಿ, ಭಾಲ್ಕಿ ರೋಡಿನ್ಯಾಗ ಸ್ಟೇರಿಂಗ್ ಬಿಟ್ರೂ ನೆಟ್ಟಗ ಹೋಗ್ತದ.

ತೊಗರಿ_ಕಣಜ: ಟೈರ್ ಬಿಡ್ರಿ ಅಣ್ಣಾ. ಇಂಥ ಗಾಡಿಗೆ ಅಲೈನ್‌ಮೆಂಟ್‌ನ್ಯಾಗ ಮುಂದ ಬರೇ ಟೋ (ಮ್ಯಾಲಿಂದ ನೋಡಿದ್ರ ಗಾಲಿ ಒಳಗ-ಹೊರಗ ತಿರುಗಿದ್ದು) ಸೆಟ್ ಆಗ್ತದ, ಕ್ಯಾಂಬರ್ (ಮುಂದಿಂದ ನೋಡಿದ್ರ ಗಾಲಿ ಒಳಗ-ಹೊರಗ ವಾಲಿದ್ದು) ಅಡ್ಜಸ್ಟ್‌ಮೆಂಟ್ ಕಂಪನಿಯಿಂದ ಬಹಳ ಗಾಡಿಗೆ ಇರಂಗಿಲ್ಲ. ಪ್ರಿಂಟ್ ತಗೊಂಡು ಎಡ ಬಲ ಕ್ಯಾಂಬರ್, ಕ್ಯಾಸ್ಟರ್ (ಬಾಜೂಕಿಂದ ನೋಡಿದ್ರ ಗಾಲಿ ತಿರುಗೋ ಅಚ್ಚು ಹಿಂದ-ಮುಂದ ವಾಲಿದ್ದು) ತಾಳೆ ನೋಡ್ರಿ. ಬಹಳ ಫರಕ್ ಇದ್ರ ಸಬ್‌ಫ್ರೇಮ್ (ಇಂಜಿನ್, ಸಸ್ಪೆನ್ಷನ್ ಹಿಡಿಯೋ ಕೆಳಗಿನ ಚೌಕಟ್ಟು) ಇಲ್ಲಾ ಚಾಸಿ ಸರದಿರ್ತದ. ಲಿಫ್ಟ್ ಮ್ಯಾಲೆ ಏರ್ಸಿ ಕೆಳಗ ಅಡ್ಡಡ್ಡ ಅಳತಿ ಹಿಡಿಸ್ರಿ. ಎಡಗಡಿ ಏಪ್ರಾನ್‌ನ್ಯಾಗ (ಬಾನೆಟ್ ಕೆಳಗ ಗಾಲಿ ಮ್ಯಾಲಿನ ಒಳತಗಡು) ಕಂಪನಿ ಸ್ಪಾಟ್ ವೆಲ್ಡ್ ಅದಾವೋ, ಲೋಕಲ್ ವೆಲ್ಡಿಂಗ್ ಗೆರಿ ಅದೋ ಅದೂ ನೋಡ್ರಿ.

ಸುರಪುರ_33: ಟೋಟಲ್ ಲಾಸ್ ಆದ್ರ ಆರ್‌ಸಿ ಕ್ಯಾನ್ಸಲ್ ಆಗ್ಬೇಕು, ಗಾಡಿ ರೋಡಿಗೆ ಹ್ಯಾಂಗ್ ಬಂತು?

ತೊಗರಿ_ಕಣಜ: ಎಲ್ಲಾಕ್ಕೂ ಅಲ್ರಿ. ರಿಪೇರಿ ಖರ್ಚು ಐಡಿವಿಯ (ಪಾಲಿಸಿನ್ಯಾಗ ಬರದ ಗಾಡಿ ಕಿಮ್ಮತ್ತು) 75% ದಾಟ್ತಂದ್ರ ಕ್ಲೇಮಿಗೆ ಟೋಟಲ್ ಲಾಸ್ ಅಂತಾರ. ಓಡ್ಸಲಾಕ ಬರಲಾರ್ದಂಗ ನಾಶ ಆಗಿದ್ರ ಮಾಲಕರು 14 ದಿನದಾಗ ಆರ್‌ಟಿಒಗೆ ತಿಳಿಸ್ಬೇಕು ಅಂತ ಕಾಯ್ದಾ ಅದ, ಅದು ಬ್ಯಾರೆ ಮಾತು.

ಸುರಪುರ_33: ಅದಕ್ಕೇ ಎನ್‌ಸಿಬಿ (ಕ್ಲೇಮ್ ಮಾಡಲಾರ್ದಿದ್ರ ಇನ್ಶೂರೆನ್ಸ್‌ನ್ಯಾಗ ಸಿಗೋ ರಿಯಾಯಿತಿ) ನೋಡಿ ಗಾಡಿ ತಗೋಬೇಕು.

ಬೀದರ್_ಡೀಸೆಲ್: ಎನ್‌ಸಿಬಿ ಗಾಡಿಗಲ್ಲ, ಮಾಲಕಗ.

ಸುರಪುರ_33: ಹಳಿ ಮಾಲಕನ ಪಾಲಿಸಿನ್ಯಾಗ ಸೊನ್ನಿ ಇದ್ರ ಯಾಕ ಅಂತ ಕೇಳ್ಬಹುದಲ್ಲ, ನಾ ಹೇಳಿದ್ದು ಅದು.

ತೊಗರಿ_ಕಣಜ: ಜೇವರ್ಗಿ ಅಣ್ಣಾ, ಚಾವಿ ಆನ್ ಮಾಡಿದ್ರ ಏರ್‌ಬ್ಯಾಗ್ ಲೈಟ್ ಹತ್ತಿ ಆರ್ತದೇನು?

ಜೇವರ್ಗಿ_ಕ್ರಾಸ್: ಹತ್ತಂಗೇ ಇಲ್ಲ. ಲೈಟ್ ಇಲ್ಲಂದ್ರ ಛಲೋನೇ ಅಲ್ಲೇನ್ರಿ?

ತೊಗರಿ_ಕಣಜ: ಇಲ್ರಿ! ಕೆಲವು ಸೆಕೆಂಡ್ ಹತ್ತಿ ಆರ್ಬೇಕು. ಏರ್‌ಬ್ಯಾಗ್ ಸಿಡದ ಮ್ಯಾಲೆ ಹೊಸಾದು ಹಾಕಲಾರ್ದ ಬಲ್ಬ್ ತಗದಿರ್ತಾರ. ಎಳಿಯೋದು ಆಮ್ಯಾಲೆ ನೋಡಮು, ಮೊದಲು ಏರ್‌ಬ್ಯಾಗ್ ಮಾಡ್ಯೂಲ್ ಓದೋ ಸ್ಕ್ಯಾನರ್ ಇದ್ದಲ್ಲಿ ತೋರ್ಸ್ರಿ, ಸೀಟ್‌ಬೆಲ್ಟ್ ಪ್ರಿಟೆನ್ಷನರ್ (ಡಿಕ್ಕಿ ಆದಾಗ ಬೆಲ್ಟ್ ಬಿಗಿ ಎಳಿಯೋದು) ಸೈತ. ಮನಿ ಮಂದಿನ್ನ ಕೂಡ್ಸಿ ಹೈವೇಕ್ಕ ಹೋಗಬ್ಯಾಡ್ರಿ.

ಜೇವರ್ಗಿ_ಕ್ರಾಸ್: ಆಯ್ತ್ರಿ, ರವಿವಾರ ತೋರ್ಸ್ತೀನಿ. ಸೇಡಂ ರೋಡ್ ಕಡಿ ಚಾಸಿ ಅಳತಿ ಹಿಡಿಯೋರು ಯಾರರೆ ಗೊತ್ತೇನು?

ಸುರಪುರ_33: ನಾ ಒಂದು ನೆರಿ ನೀರು ಹೊಕ್ಕ ಗಾಡಿ ನೋಡೀನಿ, ಬೆಲ್ಟ್ ಪೂರಾ ಎಳದ್ರ ತುದಿಗೆ ಮಣ್ಣ ಅದ. ತಗೋಬೇಕೇನು?

ತೊಗರಿ_ಕಣಜ: ಅದು ಬ್ಯಾಡೇ ಬ್ಯಾಡ. ವೈರಿಂಗ್ ಬಗ್ಗೆ ಕೇಳೋದಿದ್ರ ಬ್ಯಾರೆ ಥ್ರೆಡ್ ಹಾಕ್ರಿ.

ಬೀದರ್_ಡೀಸೆಲ್: ಟೈರ್ ಯಾವ ಕಂಪನಿದು ಅಂತ ಇನ್ನೂ ಹೇಳಿಲ್ಲ.