ಅಪ್‌ಡೇಟ್: ಬ್ಯಾರಲ್ ಬಿಚ್ಚಿದಾಗೆಲ್ಲ ಗುರಿ ತಪ್ಪುತ್ತಿದ್ದ ಹಾಕನ್

ಹೋದ ತಿಂಗಳು ಕೇಳಿದ್ದೆನಲ್ಲ, ಇಲ್ಲಿ ಅಮೆರಿಕದ ಮಿಸ್ಸೂರಿಯಲ್ಲಿ ಕೊಂಡ ಹಾಕನ್ ಮಾದರಿಯ ಮಜಲ್‌ಲೋಡರ್ (ಬಾಯಿಯಿಂದ ಮದ್ದು, ಗುಂಡು ತುಂಬುವ ಹಳೇ ಬಗೆಯ ಬಂದೂಕು) ಬಗ್ಗೆ? ತೊಳೆಯಲು ಬ್ಯಾರಲ್ ಬಿಚ್ಚಿ ಮತ್ತೆ ಹಾಕಿದರೆ ಪೀಪ್ ಸೈಟ್ (ಸಣ್ಣ ತೂತಿನಲ್ಲಿ ನೋಡಿ ಗುರಿ ಇಡುವ ಹಿಂದಿನ ಸೈಟ್) ಗುರಿ ಬದಲಾಗುತ್ತಿತ್ತು. ಕಾರಣ ಸಿಕ್ಕಿತು.

ತಪ್ಪು ಸೈಟಿನದಲ್ಲ, ಅದು ಕೂತಿದ್ದ ಜಾಗದ್ದು. ಪೀಪ್ ಇದ್ದದ್ದು ಟ್ಯಾಂಗ್ ಮೇಲೆ, ಅಂದರೆ ಬ್ಯಾರಲ್ ಹಿಂದೆ ಬಂದೂಕಿನ ಮರಕ್ಕೆ ಕೂರಿಸಿದ ಲೋಹದ ಪಟ್ಟಿಯ ಮೇಲೆ. ಬ್ಯಾರಲ್ ಬಿಚ್ಚಿದರೂ ಟ್ಯಾಂಗ್ ಮರದಲ್ಲೇ ಉಳಿಯುತ್ತದೆ, ಮುಂದಿನ ಸೈಟ್ ಮಾತ್ರ ಬ್ಯಾರಲ್ ಜೊತೆ ಬರುತ್ತದೆ. ಬ್ಯಾರಲ್ಲೂ ಟ್ಯಾಂಗೂ ಸೇರುವ ಕೊಕ್ಕೆಯ ಹತ್ತಿರ ಒಂದು ತೆಳು ಕಾಗದ ತೂರಿಸಿ ನೋಡಿದೆ. ಸಲೀಸಾಗಿ ಹೋಯ್ತು, ಅಂದರೆ ಅಲ್ಲಿ ಸಂದು ಇದೆ! ಸೈಟುಗಳ ನಡುವೆ 36 ಇಂಚು ಇದ್ದರೆ, ಹಿಂದಿನ ಸೈಟ್ 0.01 ಇಂಚು ಆಚೀಚೆ ಸರಿದರೂ 100 ಗಜದಲ್ಲಿ ಗುಂಡು 1 ಇಂಚು ಆಚೀಚೆ ಆಗುತ್ತದೆ.

ಜೊತೆಗೆ ಬ್ಯಾರಲ್ ಹಿಡಿಯುವ ಬೆಣೆಯನ್ನು ಒಮ್ಮೆ ಬೆರಳಲ್ಲಿ ಒತ್ತಿ, ಒಮ್ಮೆ ಸುತ್ತಿಗೆಯಲ್ಲಿ ಬಡಿದು ಕೂರಿಸುತ್ತಿದ್ದೆ. ಅದು ನನ್ನದೇ ಪೆದ್ದುತನ.

ಈಗ ಪೀಪನ್ನು ಬ್ಯಾರಲ್‌ ಮೇಲೇ, ಅದರ ಹಿಂತುದಿಯಲ್ಲಿ ಕೂರಿಸಿದ್ದೇನೆ. ಕಣ್ಣಿಗೆ ಸ್ವಲ್ಪ ದೂರ ಆಯ್ತು, ಹಾಗಾಗಿ ಪೀಪಿಗೆ ದೊಡ್ಡ ತೂತಿನ ಬಿಲ್ಲೆ ಬೇಕಾಯ್ತು. ಬೆಣೆ ಎಲ್ಲಿವರೆಗೆ ಹೋಗಬೇಕು ಅಂತ ಪೆನ್ಸಿಲ್ ಗೆರೆಯೂ ಎಳೆದಿದ್ದೇನೆ. ಮೂರು ಸಲ ಬಿಚ್ಚಿ ಹಾಕಿ 50 ಗಜದಲ್ಲಿ ಹೊಡೆದೆ. ಗುಂಡುಗಳು ಒಂದೇ ಕಡೆ ಬಿದ್ದವು.

ಟ್ಯಾಂಗ್ ಸೈಟ್ ನೋಡೋಕೆ ಚೆನ್ನಾಗಿತ್ತು, ಅದೊಂದೇ ಬೇಜಾರು.